ಊರಿನ ಪಾಲು ಎಷ್ಟು?
ಸ್ಥಿರಾಸ್ತಿ ವರ್ಗಾವಣೆಯ ಸುಂಕವೂ ಹೊಸೂರಿನ ಬೊಕ್ಕಸವೂ

ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯಲ್ಲಿ ಸ್ಥಳಿಕ ಸ್ವರಾಜ್ಯದ ಪಾಠವನ್ನು ನಡೆಸುತ್ತಿದ್ದೆವು. ನಗರಸಭೆಯ ಆದಾಯದ ಬಾಬುಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತ ಬಂದು, ‘ಸ್ಥಿರಾಸ್ತಿ ವರ್ಗಾವಣೆಯ ಸುಂಕ’ ಎಂಬ ಬಾಬನ್ನು ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ನಮ್ಮಪ್ಪ ಸೈಟು ರಿಜಿಸ್ಟ್ರಿ ಮಾಡಿಸಿದಾಗ ತುಂಬಾ ದುಡ್ಡು ಕಟ್ಟಿದರು. ಅದರಲ್ಲಿ ನಮ್ಮ ಊರಿಗೆ ಎಷ್ಟು ಬಂತು?” ಎಂದು ಕೇಳಿದ. “ಸ್ವಲ್ಪ ಭಾಗ ಬರುತ್ತದೆ, ಕುಳಿತುಕೋ” ಎಂದೆವು. ಹುಡುಗ ಕುಳಿತ. ಆದರೆ ಉತ್ತರ ಹೇಳಿದ ನಮಗೇ ಆ ಉತ್ತರ ಸಾಲದೆಂದು ತೋರಿತು. ಎಷ್ಟು ಭಾಗ? ಯಾವಾಗಿನಿಂದ? ಯಾರು ಗೊತ್ತುಮಾಡಿದರು? ಅದು ಏರುವುದು, ಇಳಿಯುವುದು ಯಾರ ಕೈಯಲ್ಲಿದೆ? ಆ ಹುಡುಗನಿಗೆ ಅಂದು ಕೊಡಲಾಗದ ಉತ್ತರವನ್ನು ಹುಡುಕುವ ಪ್ರಯತ್ನವೇ ಈ ಲೇಖನ. ಹೊಸೂರನ್ನು ನಡುವಿಟ್ಟುಕೊಂಡು, ಗಡಿಯ ಇತರ ಊರುಗಳನ್ನು ಅಲ್ಲಲ್ಲಿ ಹೋಲಿಸುತ್ತ ಈ ವಿಷಯವನ್ನು ವಿಚಾರಿಸೋಣ.

ಮೊದಲು ಶಬ್ದಗಳ ಅರ್ಥವನ್ನು ತಿಳಿದುಕೊಳ್ಳುವುದು ಒಳ್ಳೆಯದು. ಒಬ್ಬನು ಮನೆಯನ್ನೋ ನಿವೇಶನವನ್ನೋ ಕೊಂಡು ಕ್ರಯಪತ್ರವನ್ನು ನೋಂದಾಯಿಸುವಾಗ ತಮಿಳುನಾಡಿನಲ್ಲಿ ಮೂರು ಬಗೆಯ ಹಣವನ್ನು ಕಟ್ಟಬೇಕಾಗುತ್ತದೆ. ಒಂದು, ಮುದ್ರಾಂಕ ಸುಂಕ; ನಮ್ಮ ಹಿರಿಯರು ಛಾಪಾ ಕಾಗದದ ದುಡ್ಡು ಎನ್ನುತ್ತಿದ್ದುದು ಇದನ್ನೇ. ಎರಡು, ಪತ್ರವನ್ನು ದಾಖಲು ಮಾಡಿಕೊಳ್ಳುವುದಕ್ಕಾಗಿ ನೋಂದಣಿ ಶುಲ್ಕ. ಇವೆರಡೂ ರಾಜ್ಯ ಸರ್ಕಾರದ ಬೊಕ್ಕಸಕ್ಕೆ ಸೇರತಕ್ಕವು. ಮೂರನೆಯದು ವರ್ಗಾವಣೆಯ ಸುಂಕ. ಇದು ಮುದ್ರಾಂಕ ಸುಂಕದ ಬೆನ್ನಿಗೆ ಅಂಟಿಕೊಂಡು ಬರುವ ಅಧಿಕ ಸುಂಕ. ಇದನ್ನು ವಸೂಲು ಮಾಡುವವರು ಸಬ್ ರಿಜಿಸ್ಟ್ರಾರರು. ಸೇರಬೇಕಾದದ್ದು ಆಸ್ತಿಯಿರುವ ಊರಿನ ಸ್ಥಳಿಕ ಸಂಸ್ಥೆಗೆ. ನಮ್ಮ ವಿದ್ಯಾರ್ಥಿ ಕೇಳಿದ ‘ಊರಿನ ಪಾಲು’ ಇದೇ.

ಹಿಂದಿನ ಕಾಲದ ಸುಂಕಗಳು

ಊರಿನ ಕೆಲಸಕ್ಕೆ ಊರಿನಲ್ಲಿಯೇ ಹಣವೆತ್ತುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ, ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಹೆಜ್ಜುಂಕ, ವಡ್ಡರಾವುಳ, ಮನೆವಣ, ಮಗ್ಗದೆರೆ, ಗಾಣದೆರೆ ಎಂಬ ಮಾತುಗಳು ಪರಿಚಿತವೇ. ಸುಂಕದ ಅಧಿಕಾರಿಯು ತನ್ನ ಅಧಿಕಾರದೊಳಗಿನ ಇಂತಹ ಆದಾಯದ ಒಂದು ಭಾಗವನ್ನು ಆ ಸ್ಥಳದ ದೇಗುಲಕ್ಕೋ ಕೆರೆಯ ಜೀರ್ಣೋದ್ಧಾರಕ್ಕೋ ವಿದ್ಯಾದಾನಕ್ಕೋ ಬಿಟ್ಟುಕೊಟ್ಟ ಸಂಗತಿ ಅನೇಕ ಶಾಸನಗಳಲ್ಲಿ ದೊರೆಯುತ್ತದೆ. ಇದನ್ನು ಕಂಡು ಅದೊಂದು ಸುವರ್ಣಯುಗವೆಂದು ಭಾವಿಸಬೇಕಾಗಿಲ್ಲ. ಸುಂಕ ಅರಸನದು, ಬಿಟ್ಟುಕೊಟ್ಟದ್ದು ಅವನ ಅಥವಾ ಅವನ ಅಧಿಕಾರಿಯ ಔದಾರ್ಯ. ಊರಿಗೆ ಪಾಲು ಬಂದದ್ದು ದಾನವಾಗಿ, ಹಕ್ಕಾಗಿ ಅಲ್ಲ. ಆದರೆ ಒಂದು ವಿಶೇಷವನ್ನು ಗಮನಿಸಬೇಕು: ದಾನವನ್ನು ಕಲ್ಲಿನಲ್ಲಿ ಕೊರೆದು, ಊರವರೆಲ್ಲ ನೋಡುವಂತೆ ನಿಲ್ಲಿಸುತ್ತಿದ್ದರು. ಯಾವ ಸುಂಕದಲ್ಲಿ ಎಷ್ಟು, ಯಾವ ಕೆಲಸಕ್ಕೆ ಎಂಬುದು ಮರೆಯಾಗಿರಲಿಲ್ಲ. ಈ ಮಾತನ್ನು ಲೇಖನದ ಕೊನೆಯಲ್ಲಿ ಮತ್ತೆ ನೆನೆಯಬೇಕಾಗಿದೆ.

ಕಂಪನಿಯ ಆಡಳಿತದಲ್ಲಿ ಛಾಪಾ ಕಾಗದ ಬಂದ ಬಗೆಯೂ ಬೋಧಪ್ರದವಾಗಿದೆ. ಬಂಗಾಳದಲ್ಲಿ ಪೋಲೀಸು ವೆಚ್ಚಕ್ಕೆಂದು ವರ್ತಕರ ಮೇಲೂ ಅಂಗಡಿಕಾರರ ಮೇಲೂ ಹಾಕಿದ್ದ ತೆರಿಗೆಯನ್ನು ತೆಗೆದುಹಾಕಿ, ಆ ನಷ್ಟವನ್ನು ತುಂಬುವುದಕ್ಕಾಗಿ ೧೭೯೭ರಲ್ಲಿ ಮುದ್ರಾಂಕ ಸುಂಕವನ್ನು ಜಾರಿಗೆ ತಂದರು. ಹೋದ ತೆರಿಗೆಯ ಬದಲಿಗೆ ಬಂದ ತೆರಿಗೆ ಇದು. ಬದಲಿಗೆ ಬಂದದ್ದು ಕಾಲಕ್ರಮದಲ್ಲಿ ಶಾಶ್ವತವಾಗಿ ನಿಂತಿತು. ಪೋಲೀಸು ವೆಚ್ಚದ ನೆನಪು ಅಳಿಸಿಹೋಯಿತು. ಮುಂದೆ ೧೮೯೯ರ ಭಾರತೀಯ ಮುದ್ರಾಂಕ ಕಾನೂನು ಇದಕ್ಕೆ ಇಡೀ ದೇಶದಲ್ಲಿ ಒಂದೇ ರೂಪ ಕೊಟ್ಟಿತು.

ಎರಡು ಪ್ರಾಂತಗಳು, ಎರಡು ದಾರಿಗಳು

ಗಡಿನಾಡಿನ ಕನ್ನಡಿಗರಾದ ನಾವು ಇಂದು ಅನೇಕ ರಾಜ್ಯಗಳಲ್ಲಿ ಹಂಚಿಹೋಗಿದ್ದರೂ, ಬ್ರಿಟಿಷ್ ಕಾಲದಲ್ಲಿ ನಮ್ಮ ಊರುಗಳಲ್ಲಿ ಹೆಚ್ಚಿನವು ಮದರಾಸು ಅಥವಾ ಮುಂಬಯಿ ಪ್ರಾಂತಗಳಲ್ಲಿದ್ದವು. ಅಕ್ಕಲಕೋಟೆ, ಜತ್ತಿಯಂತಹ ಸಂಸ್ಥಾನಗಳ ಕಥೆ ಬೇರೆ. ೧೭೯೨ರಲ್ಲಿ ಬಾರಾಮಹಲು ಟೀಪೂ ಸುಲ್ತಾನನ ಕೈತಪ್ಪಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಘಟ್ಟದ ಮೇಲಣ ಹೊಸೂರು ಸೀಮೆಯೂ ಕಂಪನಿಗೆ ಸೇರಿ ಸೇಲಂ ಜಿಲ್ಲೆಯ ಭಾಗವಾಯಿತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ, ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿಯೂ ಇದ್ದವು. ಇವೆಲ್ಲ ಮದರಾಸಿನ ಕಡೆಯವು. ಸೊಲ್ಲಾಪುರ ಮುಂಬಯಿಯ ಕಡೆಯದು.

ಪೌರಸಂಸ್ಥೆಗಳ ಹಣಕಾಸಿನ ವಿಷಯದಲ್ಲಿ ಈ ಎರಡು ಪ್ರಾಂತಗಳು ಬೇರೆ ಬೇರೆ ದಾರಿಗಳನ್ನು ಹಿಡಿದವು. ೧೮೪೨ರಲ್ಲಿ ಬಂಗಾಳಕ್ಕಾಗಿ ಮಾಡಿದ ಪೌರ ಕಾನೂನು ನೇರ ತೆರಿಗೆಯನ್ನು ನಂಬಿಕೊಂಡಿದ್ದರಿಂದ ಜನರು ಅದನ್ನು ಬರಮಾಡಿಕೊಳ್ಳಲಿಲ್ಲ. ೧೮೫೦ರ ಕಾನೂನು ಪರೋಕ್ಷ ತೆರಿಗೆಗೂ ಅವಕಾಶವಿತ್ತಿತು. ಮುಂಬಯಿ ಪ್ರಾಂತದ ಊರುಗಳು ಇದನ್ನು ಹೆಚ್ಚಾಗಿ ಬಳಸಿಕೊಂಡು, ಊರಿನೊಳಗೆ ಬರುವ ಸರಕಿನ ಮೇಲೆ ಜಕಾತಿ ಹಾಕಿದವು. ಸೊಲ್ಲಾಪುರದಲ್ಲಿ ಪುರಸಭೆ ೧೮೫೦ರ ದಶಕದ ಆರಂಭದಲ್ಲಿಯೇ ಹುಟ್ಟಿತು. ರೈಲು ಬಂದು, ೧೮೭೭ರಲ್ಲಿ ಮೊದಲ ನೂಲಿನ ಗಿರಣಿ ಸ್ಥಾಪಿತವಾದ ಮೇಲೆ ಜಕಾತಿ ನಾಕೆಯು ಆ ಊರಿನ ಹಣದ ಬಾಗಿಲೇ ಆಯಿತು.

ಮದರಾಸು ಪ್ರಾಂತವು ಜಕಾತಿಯ ದಾರಿಯನ್ನು ಹಿಡಿಯಲಿಲ್ಲ. ೧೮೬೫ರ ನಗರ ಸುಧಾರಣಾ ಕಾನೂನಿನಿಂದ ಮೊದಲ್ಗೊಂಡು, ೧೮೮೪ರ ಮತ್ತು ೧೯೨೦ರ ಜಿಲ್ಲಾ ಪೌರಸಭಾ ಕಾನೂನುಗಳವರೆಗೆ ಮನೆ ಕಂದಾಯ, ಉದ್ಯೋಗ ಕರ, ಬಂಡಿಗಳ ಮೇಲಿನ ಕರ, ಟೋಲುಗೇಟು ಇವುಗಳ ಮೇಲೆಯೇ ಪುರಸಭೆಗಳು ನಿಂತವು. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ೧೯೧೭ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದಾಗ ಅವರ ಕೈಯಲ್ಲಿದ್ದ ಸಾಧನಗಳು ಬಹುಮಟ್ಟಿಗೆ ಇಷ್ಟೇ. ದೇಶದ ಗವರ್ನರ್ ಜನರಲ್ ಪದವಿಯವರೆಗೆ ಏರಿದ ಆ ಹಿರಿಯರು ಆಡಳಿತದ ಮೊದಲ ಪಾಠ ಕಲಿತದ್ದು ನಲ್ಲಿ ನೀರು, ಚರಂಡಿ, ಮನೆ ಕಂದಾಯಗಳ ಲೆಕ್ಕದಲ್ಲಿ.

೧೮೮೨ರ ಮೇ ತಿಂಗಳಲ್ಲಿ ಲಾರ್ಡ್ ರಿಪ್ಪನ್ನನು ಹೊರಡಿಸಿದ ನಿರ್ಣಯವನ್ನು ನಾವೆಲ್ಲ ತರಗತಿಯಲ್ಲಿ ಬೋಧಿಸುತ್ತೇವೆ. ಸ್ಥಳಿಕ ಸಂಸ್ಥೆಗಳು ಜನರಿಗೆ ರಾಜಕೀಯ ಶಿಕ್ಷಣ ಕೊಡುವ ಪಾಠಶಾಲೆಗಳೆಂಬುದು ಅದರ ತಾತ್ಪರ್ಯ. ಪಾಠಶಾಲೆ ನಡೆಯಬೇಕಾದರೆ ಹಣ ಬೇಕು. ಆ ಹಣ ಸ್ವಂತದ್ದಾಗಿರಬೇಕು. ಇದನ್ನು ಮಾತ್ರ ನಾವು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಕಲ್ಕತ್ತೆಯಲ್ಲಿ ಹುಟ್ಟಿದ ಒಂದು ಯೋಚನೆ

ಆಸ್ತಿಯ ವರ್ಗಾವಣೆಯಲ್ಲಿ ನಗರಕ್ಕೆ ಪಾಲಿರಬೇಕೆಂಬ ಯೋಚನೆ ನಮ್ಮ ದೇಶದಲ್ಲಿ ಬೆಳೆದದ್ದು ಪ್ಲೇಗಿನ ಹಿನ್ನೆಲೆಯಲ್ಲಿ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಾರಿ ೧೮೯೮ರಲ್ಲಿ ಕಲ್ಕತ್ತೆಗೂ ಬೆಂಗಳೂರಿಗೂ ಬಂದಿತು. ಇಕ್ಕಟ್ಟಾದ ಓಣಿಗಳೂ ಗಾಳಿಬೆಳಕಿಲ್ಲದ ಮನೆಗಳೂ ರೋಗದ ನೆಲೆಯೆಂದು ಎಲ್ಲರೂ ಒಪ್ಪಿದರು. ಓಣಿಗಳನ್ನು ಒಡೆದು ಅಗಲವಾದ ಬೀದಿಗಳನ್ನು ಮಾಡಬೇಕು. ಆದರೆ ಅದಕ್ಕೆ ದುಡ್ಡೆಲ್ಲಿ?

೧೯೧೧ರ ಕಲ್ಕತ್ತಾ ಸುಧಾರಣಾ ಕಾನೂನು ಇದಕ್ಕೊಂದು ದಾರಿ ಹುಡುಕಿತು. ಕಲ್ಕತ್ತೆಯೊಳಗಿನ ಸ್ಥಿರಾಸ್ತಿಯನ್ನು ಕ್ರಯವಾಗಿಯೋ ದಾನವಾಗಿಯೋ ಭೋಗ್ಯವಾಗಿಯೋ ಕೊಟ್ಟಾಗ, ಅದರ ಮೇಲಿನ ಮುದ್ರಾಂಕ ಸುಂಕವನ್ನು ಬೆಲೆಯ ಶೇಕಡಾ ೨ರಷ್ಟು ಹೆಚ್ಚಿಸಿ, ಆ ಹೆಚ್ಚಳವನ್ನು ನಗರ ಸುಧಾರಣಾ ಮಂಡಲಿಗೆ ಕೊಡತಕ್ಕದ್ದೆಂದು ವಿಧಿಸಿತು. ಇದರ ಜೊತೆಗೆ ಸೆಣಬಿನ ರಫ್ತಿನ ಮೇಲೂ ನಗರಕ್ಕೆ ಬಂದುಹೋಗುವ ಪ್ರಯಾಣಿಕರ ಮೇಲೂ ಸಣ್ಣ ಕರಗಳನ್ನು ಹಾಕಿತು. ಬೀದಿ ಅಗಲವಾದರೆ ಅದರ ಬದಿಯ ಮನೆಯ ಬೆಲೆ ಏರುತ್ತದೆ. ಏರಿದ ಬೆಲೆಗೆ ಮಾಲೀಕನ ದುಡಿಮೆ ಕಾರಣವಲ್ಲ, ನಗರದ ವೆಚ್ಚ ಕಾರಣ. ಆದ್ದರಿಂದ ಆ ಲಾಭದಲ್ಲಿ ನಗರಕ್ಕೆ ಪಾಲು ಸಲ್ಲಬೇಕು ಎಂದು ಇಂತಹ ಕರಕ್ಕೆ ಸಮರ್ಥನೆ ಹೇಳುತ್ತಾರೆ. ನ್ಯಾಯವಾದ ಮಾತೆಂದು ಯಾರಿಗಾದರೂ ತೋರುತ್ತದೆ.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿಯೂ ಲಾಯ್ಡ್ ಜಾರ್ಜನು ಇದೇ ನ್ಯಾಯವನ್ನು ಹಿಡಿದು, ೧೯೦೯-೧೦ರ ಆಯವ್ಯಯದಲ್ಲಿ ಭೂಮಿಯ ಬೆಲೆ ಏರಿದಷ್ಟರ ಮೇಲೆ ಶೇಕಡಾ ೨೦ರ ಸುಂಕವನ್ನು ಹಾಕಿದ್ದನು. ಭೂಮಿಯನ್ನು ಮಾರಿದಾಗ ಅಥವಾ ಮಾಲೀಕನು ಸತ್ತಾಗ ಅದನ್ನು ವಸೂಲು ಮಾಡತಕ್ಕದ್ದು. ಬೆಲೆ ಎಷ್ಟು ಏರಿತೆಂದು ಕಂಡುಹಿಡಿಯುವ ತೊಡಕಿನಲ್ಲಿ ಸಿಕ್ಕಿ ಆ ಸುಂಕ ೧೯೨೦ರಲ್ಲಿ ರದ್ದಾಯಿತು. ಕಲ್ಕತ್ತೆಯ ಸುಂಕ ಉಳಿದುಕೊಂಡಿತು. ಕಾರಣ ಸರಳ: ಅದು ಏರಿಕೆಯನ್ನು ಅಳೆಯಲು ಹೋಗಲಿಲ್ಲ. ಪತ್ರದಲ್ಲಿ ಬರೆದ ಪೂರ್ತಿ ಬೆಲೆಯ ಮೇಲೆ ಶೇಕಡಾ ಎರಡನ್ನು ಕತ್ತರಿಸಿಕೊಂಡಿತು, ಅಷ್ಟೇ.

ಈ ಸರಳತೆಯಲ್ಲಿಯೇ ಒಂದು ದೋಷವೂ ಸೇರಿಕೊಂಡಿತು. ಅದನ್ನು ಎರಡು ಭಾಗವಾಗಿ ಹೇಳಬಹುದು. ಮೊದಲನೆಯದಾಗಿ, ಬೆಲೆ ಏರದೆ ನಷ್ಟಕ್ಕೆ ಮಾರಿದವನ ಪತ್ರಕ್ಕೂ ಸುಂಕ ಅಷ್ಟೇ. ಎರಡನೆಯದಾಗಿ, ಬೇರೆ ಕರಾರು ಇಲ್ಲದಿದ್ದಲ್ಲಿ ಕ್ರಯಪತ್ರದ ಮುದ್ರಾಂಕ ಸುಂಕವನ್ನು ಕೊಳ್ಳುವವನೇ ಕೊಡಬೇಕೆಂದು ೧೮೯೯ರ ಕಾನೂನಿನಲ್ಲಿಯೇ ಇದೆ. ವರ್ಗಾವಣೆಯ ಸುಂಕವು ಮುದ್ರಾಂಕ ಸುಂಕದ ಬೆನ್ನೇರಿ ಬಂದದ್ದರಿಂದ ಅದೂ ಕೊಳ್ಳುವವನ ತಲೆಗೆ ಬಿತ್ತು. ಲಾಭ ಪಡೆದ ಮಾರಾಟಗಾರನಿಂದ ಪಡೆಯಬೇಕೆಂದು ಹೊರಟ ಪಾಲನ್ನು, ಸಾಲ ಮಾಡಿ ಮೊದಲ ಮನೆ ಕೊಳ್ಳುವ ಗುಮಾಸ್ತನೋ ಉಪಾಧ್ಯಾಯನೋ ಕೊಡುವಂತಾಯಿತು. ಮೂವತ್ತು ವರ್ಷ ನಿವೇಶನವನ್ನು ಖಾಲಿ ಬಿಟ್ಟು, ಎದುರಿಗೆ ರಸ್ತೆ, ದೀಪ, ಶಾಲೆ ಎಲ್ಲವೂ ಬಂದು ಬೆಲೆ ಏರುವುದನ್ನು ಕಾದು ಕುಳಿತವನು, ಮಾರದಿರುವವರೆಗೆ ಈ ಬಾಬಿನಲ್ಲಿ ಒಂದು ಕಾಸನ್ನೂ ಕೊಡಬೇಕಾಗಿಲ್ಲ.

ಒಂದೇ ಶೇಕಡಾ, ಎರಡು ಲೆಕ್ಕ

ಕಲ್ಕತ್ತೆಯ ಮಾದರಿ ಮುಂದೆ ಇತರ ಪ್ರಾಂತಗಳಿಗೂ ಹಬ್ಬಿ, ಮದರಾಸಿನ ಪೌರ ಕಾನೂನುಗಳಲ್ಲಿಯೂ ಸೇರಿತು. ಸ್ವಾತಂತ್ರ್ಯಾನಂತರ ಡಾ. ಜಾನ್ ಮಥಾಯಿ ಅವರ ಅಧ್ಯಕ್ಷತೆಯಲ್ಲಿ ೧೯೫೩-೫೪ರಲ್ಲಿ ಕೆಲಸ ಮಾಡಿದ ತೆರಿಗೆ ವಿಚಾರಣಾ ಆಯೋಗವು, ವರ್ಗಾವಣೆಯ ಸುಂಕವನ್ನು ಸ್ಥಳಿಕ ಸಂಸ್ಥೆಗಳಿಗೆ ಸಲ್ಲತಕ್ಕ ಕರಗಳ ಸಾಲಿನಲ್ಲಿ ಎಣಿಸಿತು. ಹೀಗಾಗಿ ಮದರಾಸು ಪ್ರಾಂತ ಒಡೆದು ಬೇರೆ ಬೇರೆ ರಾಜ್ಯಗಳಾದರೂ ಈ ಸುಂಕ ಅಲ್ಲಲ್ಲಿ ಉಳಿಯಿತು. ಆಂಧ್ರಪ್ರದೇಶದಲ್ಲಿ, ಆದವಾನಿ, ಮಡಕಶಿರಗಳ ಕಡೆ, ಇದು ಬೆಲೆಯ ಶೇಕಡಾ ಒಂದೂವರೆ. ತಮಿಳುನಾಡಿನಲ್ಲಿ ಶೇಕಡಾ ೨.

ಕರ್ನಾಟಕದ ನಗರಗಳಲ್ಲಿಯೂ ‘ಶೇಕಡಾ ೨’ ಎಂದೇ ಇದೆ. ಆದರೆ ಇಲ್ಲಿ ಗಣಿತದ ಉಪಾಧ್ಯಾಯರು ಕಿವಿಗೊಡಬೇಕು. ತಮಿಳುನಾಡಿನ ಶೇಕಡಾ ೨ ಆಸ್ತಿಯ ಬೆಲೆಯ ಮೇಲೆ. ಕರ್ನಾಟಕದ ಶೇಕಡಾ ೨ ಮುದ್ರಾಂಕ ಸುಂಕದ ಮೇಲೆ. ಹತ್ತು ಲಕ್ಷ ರೂಪಾಯಿನ ಒಂದು ನಿವೇಶನವನ್ನು ಗಡಿಯ ಆಚೆ ಅತ್ತಿಬೆಲೆಯಲ್ಲಿ ಕೊಂಡರೆಂದು ಭಾವಿಸೋಣ. ಶೇಕಡಾ ೫ರಂತೆ ಮುದ್ರಾಂಕ ಸುಂಕ ೫೦,೦೦೦ ರೂಪಾಯಿ. ಅದರ ಶೇಕಡಾ ೨ ಎಂದರೆ ೧,೦೦೦ ರೂಪಾಯಿ. ಅದೇ ಬೆಲೆಯ ನಿವೇಶನವನ್ನು ಕೆಲವೇ ಮೈಲಿ ಈಚೆಗೆ ಹೊಸೂರಿನಲ್ಲಿ ಕೊಂಡರೆ ಊರಿನ ಪಾಲು ೨೦,೦೦೦ ರೂಪಾಯಿ. ಒಂದೇ ಹೆದ್ದಾರಿ, ಒಂದೇ ಬೆಲೆ, ಒಂದೇ ಶೇಕಡಾ. ಪಾಲು ಮಾತ್ರ ಇಪ್ಪತ್ತು ಪಟ್ಟು ಬೇರೆ. ಇದನ್ನು ಕಂಡವರು ಹೊಸೂರು ಭಾಗ್ಯಶಾಲಿಯೆಂದಾರು. ಬೆಂಗಳೂರು ಬೆಳೆದು ಹೊಸೂರನ್ನು ಮುಟ್ಟುತ್ತಿದೆ. ಕೈಗಾರಿಕಾ ವಸಾಹತು ಬಂದು ಐದು ದಶಕಗಳಾಗುತ್ತ ಬಂದವು. ೨೦೧೯ರ ಫೆಬ್ರವರಿಯಲ್ಲಿ ಊರು ಮಹಾನಗರಪಾಲಿಕೆಯೂ ಆಯಿತು. ಆಸ್ತಿ ಕೈಬದಲಾಗುವ ಊರಿಗೆ ಈ ಸುಂಕ ಒಳ್ಳೆಯ ಬೆಳೆಯಂತೆ ಕಾಣುವುದು ಸಹಜ. ಆದರೆ ಬೆಳೆಯ ಅಳತೆಗೋಲು ಯಾರ ಕೈಯಲ್ಲಿದೆ?

೨೦೧೭ರ ಲೆಕ್ಕ

ಆಸ್ತಿಯ ನಿಜವಾದ ಬೆಲೆಯನ್ನು ಜನರು ಪತ್ರದಲ್ಲಿ ಕಡಿಮೆ ಬರೆಯುವುದುಂಟೆಂದು, ಸರ್ಕಾರವು ಪ್ರತಿಯೊಂದು ಬೀದಿಗೂ ಒಂದು ಮಾರ್ಗದರ್ಶಿ ಬೆಲೆಯನ್ನು ಗೊತ್ತುಮಾಡುತ್ತದೆ. ಸುಂಕದ ಲೆಕ್ಕ ಸಾಮಾನ್ಯವಾಗಿ ಈ ಬೆಲೆಯ ಮೇಲೆಯೇ ನಡೆಯುತ್ತದೆ. ೨೦೧೭ರ ಜೂನ್ ತಿಂಗಳಲ್ಲಿ ತಮಿಳುನಾಡು ಸರ್ಕಾರವು ಮಾರ್ಗದರ್ಶಿ ಬೆಲೆಯನ್ನು ಶೇಕಡಾ ೩೩ರಷ್ಟು ಇಳಿಸಿ, ಅದರೊಡನೆಯೇ ಕ್ರಯಪತ್ರಗಳ ನೋಂದಣಿ ಶುಲ್ಕವನ್ನು ಶೇಕಡಾ ೧ರಿಂದ ೪ಕ್ಕೆ ಏರಿಸಿತು. ಆಸ್ತಿಯ ವ್ಯವಹಾರ ಕುಗ್ಗಿದ್ದ ಕಾಲವದು. ಕೊಳ್ಳುವವರಿಗೆ ಅನುಕೂಲವಾಗಲೆಂಬ ಉದ್ದೇಶವಿತ್ತು. ಆ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಲೆಕ್ಕವನ್ನು ಮಾತ್ರ ಮಾಡಿ ನೋಡೋಣ.

ಮೊದಲು ೧೦ ಲಕ್ಷ ರೂಪಾಯಿ ಮಾರ್ಗದರ್ಶಿ ಬೆಲೆಯಿದ್ದ ನಿವೇಶನಕ್ಕೆ ಮುದ್ರಾಂಕ ಸುಂಕ ೫೦,೦೦೦, ವರ್ಗಾವಣೆಯ ಸುಂಕ ೨೦,೦೦೦, ನೋಂದಣಿ ಶುಲ್ಕ ೧೦,೦೦೦. ಒಟ್ಟು ೮೦,೦೦೦ ರೂಪಾಯಿ. ಬದಲಾವಣೆಯ ನಂತರ ಅದರ ಮಾರ್ಗದರ್ಶಿ ಬೆಲೆ ೬ ಲಕ್ಷ ೭೦ ಸಾವಿರ. ಈಗ ಮುದ್ರಾಂಕ ಸುಂಕ ೩೩,೫೦೦, ವರ್ಗಾವಣೆಯ ಸುಂಕ ೧೩,೪೦೦, ನೋಂದಣಿ ಶುಲ್ಕ ೨೬,೮೦೦. ಒಟ್ಟು ೭೩,೭೦೦ ರೂಪಾಯಿ.

ಕೊಳ್ಳುವವನಿಗೆ ೬,೩೦೦ ರೂಪಾಯಿ ಉಳಿಯಿತು. ಒಳ್ಳೆಯದೇ. ರಾಜ್ಯ ಸರ್ಕಾರಕ್ಕೆ ಮುದ್ರಾಂಕ, ನೋಂದಣಿ ಎರಡೂ ಸೇರಿ ಮೊದಲು ೬೦,೦೦೦ ಬರುತ್ತಿದ್ದುದು ಈಗ ೬೦,೩೦೦ ಆಯಿತು. ೩೦೦ ರೂಪಾಯಿ ಹೆಚ್ಚೇ. ಊರಿಗೆ ೨೦,೦೦೦ ಬರುತ್ತಿದ್ದುದು ೧೩,೪೦೦ಕ್ಕೆ ಇಳಿಯಿತು. ೬,೬೦೦ ರೂಪಾಯಿ ನಷ್ಟ. ೬,೩೦೦ನ್ನೂ ೩೦೦ನ್ನೂ ಕೂಡಿಸಿದರೆ ಸರಿಯಾಗಿ ೬,೬೦೦ ಆಗುತ್ತದೆ. ಎಂದರೆ ಕೊಳ್ಳುವವನಿಗೆ ಕೊಟ್ಟ ರಿಯಾಯಿತಿಯೆಲ್ಲ ಊರಿನ ಜೇಬಿನಿಂದ ಹೋಯಿತು. ಕೊಟ್ಟ ಹೆಸರು ಮಾತ್ರ ಬೇರೆಯವರಿಗೆ ಬಂತು. ರಿಯಾಯಿತಿಯಿಂದ ಕ್ರಯಗಳ ಸಂಖ್ಯೆ ಹೆಚ್ಚಿದರೆ ಊರಿಗೂ ಸ್ವಲ್ಪ ತುಂಬಿಬಂದೀತೆಂದು ವಾದಿಸಬಹುದು. ಆದರೆ ಆ ನಷ್ಟ ಪೂರ್ತಿ ತುಂಬಬೇಕಾದರೆ ಮೊದಲು ಇಬ್ಬರು ಕೊಳ್ಳುತ್ತಿದ್ದಲ್ಲಿ ಸುಮಾರು ಮೂವರು ಕೊಳ್ಳಬೇಕು.

೨೦೨೩ರ ಏಪ್ರಿಲ್ ೧ರಿಂದ ಮಾರ್ಗದರ್ಶಿ ಬೆಲೆಯನ್ನು ಹಿಂದಿನ ಮಟ್ಟಕ್ಕೆ ತಂದು, ನೋಂದಣಿ ಶುಲ್ಕವನ್ನು ಶೇಕಡಾ ೨ಕ್ಕೆ ಇಳಿಸಿದರು. ಊರಿನ ಪಾಲು ಮತ್ತೆ ೨೦,೦೦೦ಕ್ಕೆ ಏರಿತು. ಆದರೆ ನಡುವಿನ ಆರು ವರ್ಷಗಳೂ ಊರು ತನ್ನದೇ ಸುಂಕದ ಅಳತೆಗೋಲನ್ನು ಬೇರೆಯವರ ಕೈಯಲ್ಲಿ ನೋಡುತ್ತ ಕುಳಿತಿತು. ನೋಂದಣಿ ಶುಲ್ಕದ ದರವನ್ನು ಏರಿಸಿ ಸರ್ಕಾರ ತನ್ನ ನಷ್ಟವನ್ನು ತುಂಬಿಕೊಂಡಿತು. ಪೌರಸಭೆಗೆ ಆ ಅಧಿಕಾರವಿಲ್ಲ.

ಸೊಲ್ಲಾಪುರದ ಕಡೆಗೆ ಒಂದು ನೋಟ

ಇದು ತಮಿಳುನಾಡಿನ ಕಥೆ ಮಾತ್ರವಲ್ಲ. ಸೊಲ್ಲಾಪುರದ ಜಕಾತಿ ನಾಕೆಯ ಮಾತನ್ನು ಮೇಲೆ ಹೇಳಿದೆವು. ನಾಕೆಯಲ್ಲಿ ಲಾರಿಗಳು ನಿಲ್ಲುವುದು, ಲಂಚಕ್ಕೆ ಅವಕಾಶವಾಗುವುದು ಮುಂತಾದ ದೋಷಗಳಿಗಾಗಿ ಜಕಾತಿಯನ್ನು ೧೯೨೪-೨೫ರ ತೆರಿಗೆ ವಿಚಾರಣಾ ಸಮಿತಿಯ ಕಾಲದಿಂದಲೂ ತಜ್ಞರು ಆಕ್ಷೇಪಿಸುತ್ತ ಬಂದಿದ್ದಾರೆ. ಆ ಆಕ್ಷೇಪಣೆ ಸುಳ್ಳಲ್ಲ. ಕರ್ನಾಟಕವು ೧೯೭೯ರಲ್ಲಿಯೇ ಜಕಾತಿಯನ್ನು ತೆಗೆಯಿತು. ಮಹಾರಾಷ್ಟ್ರದ ಮಹಾನಗರಪಾಲಿಕೆಗಳಲ್ಲಿ ೨೦೧೦ರಿಂದ ಹಂತಹಂತವಾಗಿ ಜಕಾತಿಯ ಬದಲು ಸ್ಥಳಿಕ ಸಂಸ್ಥಾ ಕರ ಬಂತು. ೨೦೧೫ರ ಆಗಸ್ಟ್ ೧ರಿಂದ ಅದೂ ಬಹುತೇಕ ವರ್ತಕರಿಗೆ ರದ್ದಾಗಿ, ೨೦೧೭ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಪೂರ್ತಿ ಮುಗಿಯಿತು. ಅದರ ಬದಲಿಗೆ ಸರ್ಕಾರದ ಪರಿಹಾರಧನವೂ, ಸ್ಥಿರಾಸ್ತಿಯ ಕ್ರಯದ ಮೇಲೆ ಶೇಕಡಾ ೧ರ ಅಧಿಕ ಸುಂಕವೂ ಬಂದವು. ನೂರೈವತ್ತು ವರ್ಷ ಸ್ವಂತ ನಾಕೆಯಲ್ಲಿ ಸ್ವಂತ ರಸೀದಿ ಹರಿದ ಊರುಗಳು ಈಗ ರಿಜಿಸ್ಟ್ರಾರರ ಕಚೇರಿಯ ಕಡೆಗೂ ಮಂತ್ರಾಲಯದ ಕಡೆಗೂ ಮುಖ ಮಾಡಿ ನಿಂತಿವೆ.

ಮದರಾಸು ಪ್ರಾಂತದ ಪುರಸಭೆಗಳಿಗೆ ಇದರ ರುಚಿ ಮೊದಲೇ ಗೊತ್ತಿತ್ತು. ೧೯೩೧ರಲ್ಲಿ ಮೋಟಾರು ವಾಹನ ಕರದ ಕಾನೂನು ಬಂದಾಗ ಟೋಲುಗೇಟುಗಳನ್ನು ತೆ಺ಗೆದು, ಪುರಸಭೆಗಳಿಗೆ ನಷ್ಟಪರಿಹಾರ ಕೊಡುವ ಏರ್ಪಾಡಾಯಿತು. ಅಂದಿನಿಂದ ಇಂದಿನವರೆಗೆ ಸೂತ್ರ ಒಂದೇ: ಊರಿನ ಕೈಯಲ್ಲಿದ್ದ ಒಂದು ಕರವು ವ್ಯಾಪಾರಕ್ಕೆ ತೊಡಕೆಂದು ಹೋಗುತ್ತದೆ, ಬದಲಿಗೆ ಮೇಲಿನವರು ಕೊಡುವ ಪಾಲು ಬರುತ್ತದೆ.

ಆ ಪಾಲು ಎಷ್ಟು ಚಂಚಲವೆಂಬುದು ೨೦೨೦ರಲ್ಲಿ ಮತ್ತೆ ಕಂಡಿತು. ಕೊರೊನಾ ಪಿಡುಗಿನಲ್ಲಿ ಆಸ್ತಿಯ ವ್ಯವಹಾರ ನಿಂತುಹೋದಾಗ ಮಹಾರಾಷ್ಟ್ರ ಸರ್ಕಾರವು ಆ ವರ್ಷದ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುದ್ರಾಂಕ ಸುಂಕದ ದರದಲ್ಲಿ ೩ನ್ನೂ, ೨೦೨೧ರ ಜನವರಿಯಿಂದ ಮಾರ್ಚಿಯವರೆಗೆ ೨ನ್ನೂ ಇಳಿಸಿತು. ಅವಧಿ ಮುಗಿಯುವ ಮೊದಲು ರಿಜಿಸ್ಟ್ರಾರರ ಕಚೇರಿಗಳಲ್ಲಿ ಜನ ನೆರೆದರು. ದರ ಇಳಿದಾಗ ಜನ ಓಡಿಬರುತ್ತಾರೆ, ಏರಿದಾಗ ಕಾದು ಕುಳಿತುಕೊಳ್ಳುತ್ತಾರೆ. ಮನೆಯಲ್ಲಿ ವಾಸಮಾಡುವುದನ್ನು ಯಾರೂ ಮುಂದೂಡಲಾರರು. ಮನೆ ಕೊಳ್ಳುವುದನ್ನು ಯಾರು ಬೇಕಾದರೂ ಮುಂದೂಡಬಹುದು. ವಾಸದ ಮೇಲಿನ ಕರಕ್ಕೂ ವರ್ಗಾವಣೆಯ ಮೇಲಿನ ಸುಂಕಕ್ಕೂ ಇರುವ ಮುಖ್ಯ ಭೇದ ಇದು.

ಶಾಲೆಗೂ ಗ್ರಂಥಾಲಯಕ್ಕೂ ಇದರಿಂದೇನು?

ಉಪಾಧ್ಯಾಯರ ಸಂಘದ ಸಂಚಿಕೆಯಲ್ಲಿ ಸುಂಕದ ಚರ್ಚೆ ಯಾಕೆಂದು ಕೆಲವರು ಕೇಳಬಹುದು. ಉತ್ತರ ನಮ್ಮ ಶಾಲೆಯ ಗೋಡೆಯಲ್ಲಿಯೇ ಇದೆ. ಮದರಾಸು ಪ್ರಾಂತದಲ್ಲಿ ೧೯೨೦ರ ಪ್ರಾಥಮಿಕ ಶಿಕ್ಷಣ ಕಾನೂನು ಸ್ಥಳಿಕ ಸಂಸ್ಥೆಗಳಿಗೆ ಶಿಕ್ಷಣ ಕರವೆತ್ತುವ ಅಧಿಕಾರ ಕೊಟ್ಟಿತು. ೧೯೪೮ರ ಸಾರ್ವಜನಿಕ ಗ್ರಂಥಾಲಯ ಕಾನೂನು, ಎಸ್. ಆರ್. ರಂಗನಾಥನ್ ಅವರ ದೀರ್ಘ ಪ್ರಯತ್ನದ ಫಲ, ಮನೆ ಕಂದಾಯದೊಡನೆ ಗ್ರಂಥಾಲಯ ಕರವನ್ನು ಜೋಡಿಸಿತು. ತಮಿಳುನಾಡಿನಲ್ಲಿ ಈಗ ಮನೆ ಕಂದಾಯದ ಪ್ರತಿ ರೂಪಾಯಿಗೆ ೧೦ ಪೈಸೆ ಗ್ರಂಥಾಲಯಕ್ಕೆ ಹೋಗುತ್ತದೆ. ವರ್ಗಾವಣೆಯ ಸುಂಕ ಎಷ್ಟೇ ಬರಲಿ, ಅದಕ್ಕೆ ಗ್ರಂಥಾಲಯ ಕರ ಅಂಟಿಲ್ಲ. ಸೊಲ್ಲಾಪುರದಲ್ಲಿ ಪಾಲಿಕೆಯೇ ಮರಾಠಿಯ ಜೊತೆಗೆ ಕನ್ನಡ, ತೆಲುಗು, ಉರ್ದು ಮಾಧ್ಯಮದ ಶಾಲೆಗಳನ್ನೂ ನಡೆಸುತ್ತ ಬಂದಿದೆ. ಬೊಕ್ಕಸ ಸೊರಗಿದಾಗ ಮೊದಲು ಯಾವ ಶಾಲೆಯ ಮಾಡು ಸೋರುತ್ತದೆಂಬುದನ್ನು ಗಡಿಯ ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಸಂಖ್ಯೆಯಲ್ಲಿ ಕಡಿಮೆಯಿರುವ ಭಾಷೆಯ ಮಕ್ಕಳು ಸಾಲಿನ ಕೊನೆಯಲ್ಲಿ ನಿಂತಿರುತ್ತಾರೆ. ಹಣ ಮುಗಿಯುವುದು ಸಾಲಿನ ಕೊನೆಗೆ ಮುಟ್ಟುವ ಮೊದಲೇ.

ಹಾಗಾದರೆ ಊರಿಗೆ ಇರುವ ದಾರಿಗಳೇನು? ನಮಗೆ ತೋರಿದ ನಾಲ್ಕನ್ನು ವಿನಯಪೂರ್ವಕವಾಗಿ ಮುಂದಿಡುತ್ತೇವೆ.

ಮೊದಲನೆಯದು ಮನೆ ಕಂದಾಯ. ಇದು ಅಪ್ರಿಯವಾದ ಕರ; ಆದರೆ ವರ್ಷವರ್ಷವೂ ಬರುವ ಕರ. ತಮಿಳುನಾಡಿನಲ್ಲಿ ಇದನ್ನು ಬಹುಕಾಲ ಪರಿಷ್ಕರಿಸದೆ ಬಿಟ್ಟು, ೨೦೨೨ರಲ್ಲಿ ಒಮ್ಮೆಲೇ ಏರಿಸಿದರು. ಚೆನ್ನೈಯ ಹೊರಗಿನ ಪಾಲಿಕೆಗಳಲ್ಲಿ ೬೦೦ ಚದರಡಿಯೊಳಗಿನ ಮನೆಗಳಿಗೆ ಶೇಕಡಾ ೨೫, ೧,೮೦೦ ಚದರಡಿಗೆ ಮೀರಿದವಕ್ಕೆ ಶೇಕಡಾ ೧೦೦ ಏರಿಕೆಯಾದಾಗ ಊರೆಲ್ಲ ಗೊಣಗಿತು. ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ ಏರಿಸಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ. ಸಣ್ಣ ಮನೆಗೆ ಕಡಿಮೆ, ದೊಡ್ಡ ಮನೆಗೆ ಹೆಚ್ಚು ಎಂಬ ತತ್ತ್ವ ಮಾತ್ರ ಸರಿಯಾದುದು.

ಎರಡನೆಯದು ಖಾಲಿ ನಿವೇಶನಗಳ ಮೇಲಿನ ಕರ. ಬೆಲೆಯೇರಿಕೆಯಲ್ಲಿ ಊರಿಗೆ ಪಾಲು ಬೇಕೆಂಬ ನ್ಯಾಯ ನೇರವಾಗಿ ಸಲ್ಲಬೇಕಾದುದು ಇಲ್ಲಿ. ಕಾದು ಕುಳಿತವನಿಂದ ಪ್ರತಿವರ್ಷ ಸ್ವಲ್ಪ ಪಡೆದರೆ, ಕೊಳ್ಳಬಂದವನಿಂದ ಒಮ್ಮೆಲೇ ಬಹಳ ಪಡೆಯುವ ಅಗತ್ಯ ಕಡಿಮೆಯಾಗುತ್ತದೆ. ಈ ಕರ ಕಾನೂನಿನಲ್ಲಿದೆ. ನಿವೇಶನಗಳ ಸರಿಯಾದ ಪಟ್ಟಿ ಇದ್ದರೆ ಮಾತ್ರ ಕೈಗೆ ಬಂದೀತು.

ಮೂರನೆಯದು ಉದ್ಯೋಗ ಕರ. ತಮಿಳುನಾಡಿನಲ್ಲಿ ಇದನ್ನು ಸ್ಥಳಿಕ ಸಂಸ್ಥೆಗಳೇ ವಸೂಲು ಮಾಡುತ್ತವೆ. ಅರ್ಧವರ್ಷಕ್ಕೊಮ್ಮೆ ನಮ್ಮ ಸಂಬಳದಲ್ಲಿಯೂ ಕಳೆಯುತ್ತದೆ. ಸಂವಿಧಾನವು ೧೯೫೦ರಲ್ಲಿ ಇದಕ್ಕೆ ವರ್ಷಕ್ಕೆ ೨೫೦ ರೂಪಾಯಿನ ಮಿತಿಯಿಟ್ಟಿತ್ತು. ೧೯೮೮ರ ತಿದ್ದುಪಡಿ ಅದನ್ನು ೨,೫೦೦ಕ್ಕೆ ಏರಿಸಿತು. ಅಂದಿನಿಂದ ಸಂಬಳಗಳು ಎಷ್ಟೋ ಪಟ್ಟು ಏರಿದರೂ ಮಿತಿ ಅಲ್ಲಿಯೇ ನಿಂತಿದೆ. ಉಪಾಧ್ಯಾಯನೂ ದೊಡ್ಡ ಕಾರ್ಖಾನೆಯ ಮೇಲಧಿಕಾರಿಯೂ ಒಂದೇ ಮಿತಿಯಡಿಯಲ್ಲಿ ನಿಲ್ಲುವುದು ನ್ಯಾಯವೆಂದು ತೋರುವುದಿಲ್ಲ.

ನಾಲ್ಕನೆಯದು ವರ್ಗಾವಣೆಯ ಸುಂಕವನ್ನೇ ನೇರ್ಪಡಿಸುವುದು. ಅದನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಬೆಳೆಯುವ ಊರಿಗೆ ಅದು ಬೇಕು. ಆದರೆ ಸರ್ಕಾರ ರಿಯಾಯಿತಿ ಕೊಡುವಾಗ ತನ್ನ ಪಾಲಿನಲ್ಲಿ ಕೊಡಲಿ. ಮಾರ್ಗದರ್ಶಿ ಬೆಲೆಯನ್ನಿಳಿಸಿ ಊರಿನ ಪಾಲು ಕುಗ್ಗಿದರೆ ಆ ಕೊರತೆಯನ್ನು ತುಂಬಿಕೊಡಲಿ. ಊರಾದರೂ ಈ ಹಣವನ್ನು ಸಂಬಳ, ದೀಪದ ಬಿಲ್ಲು ಮುಂತಾದ ನಿತ್ಯವೆಚ್ಚಕ್ಕೆ ನೆಚ್ಚಿಕೊಳ್ಳದೆ, ಕೊಠಡಿ, ಚರಂಡಿ, ಕೆರೆಯ ಏರಿಯಂತಹ ಬಹುಕಾಲ ನಿಲ್ಲುವ ಕೆಲಸಕ್ಕೆ ಮೀಸಲಿಡಲಿ. ಮಳೆಯ ನೀರನ್ನು ಕೆರೆಯಲ್ಲಿ ನಿಲ್ಲಿಸಬೇಕು. ದಿನದ ಕೊಡವನ್ನು ಬಾವಿಯಿಂದಲೇ ತುಂಬಬೇಕು. ಮನೆ ಕಂದಾಯ ಬಾವಿ, ವರ್ಗಾವಣೆಯ ಸುಂಕ ಮಳೆ.

ಇನ್ನೊಂದು ಮಾತಿದೆ. ಯಾವ ತ್ರೈಮಾಸಿಕದಲ್ಲಿ ಎಷ್ಟು ಕ್ರಯಗಳು ನಡೆದವು, ಊರಿನ ಪಾಲೆಂದು ಎಷ್ಟು ವಸೂಲಾಯಿತು, ಎಷ್ಟು ಊರಿಗೆ ಬಂದು ಸೇರಿತು ಎಂಬುದನ್ನು ಪಾಲಿಕೆಯ ಬಾಗಿಲಲ್ಲಿ ಎಲ್ಲರೂ ಓದುವಂತೆ ಬರೆಸಿ ತೂಗುಹಾಕಬಾರದೇಕೆ? ಎಂಟುನೂರು, ಸಾವಿರ ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲಿನಲ್ಲಿ ಕೊರೆದು ಊರ ಮುಂದೆ ನಿಲ್ಲಿಸಿದ್ದು ಇದನ್ನೇ ಅಲ್ಲವೇ? ದಾನವನ್ನೇ ಹಾಗೆ ಬರೆದು ನಿಲ್ಲಿಸಿದ್ದರೆ, ಹಕ್ಕನ್ನು ಬರೆದು ನಿಲ್ಲಿಸಲು ಸಂಕೋಚವೇಕೆ?

ಪ್ರಶ್ನೆ ಕೇಳಿದ ಹುಡುಗ ನಮ್ಮ ಶಾಲೆ ಬಿಟ್ಟು ಈಗ ಮುಂದಿನ ಓದಿನಲ್ಲಿದ್ದಾನೆ. ಅವನು ಮತ್ತೆ ಸಿಕ್ಕಿದರೆ ಹೇಳಬೇಕೆಂದಿದ್ದೇವೆ: “ಬೆಲೆಯ ನೂರು ರೂಪಾಯಿಗೆ ಎರಡು ರೂಪಾಯಿ ಊರಿನದಪ್ಪಾ. ಆದರೆ ನೂರು ಎಂದರೆ ಎಷ್ಟು ಎಂಬುದನ್ನು ಊರು ಹೇಳುವುದಿಲ್ಲ, ಬೇರೆಯವರು ಹೇಳುತ್ತಾರೆ.” ಇದನ್ನು ಗಡಿಯ ಎಲ್ಲ ಶಾಲೆಗಳಲ್ಲಿಯೂ ಪೌರನೀತಿಯ ಪಾಠದ ಜೊತೆಗೆ, ಆಯಾ ಊರಿನ ಅಂಕಿಗಳನ್ನು ಹಿಡಿದು, ಮಕ್ಕಳಿಂದಲೇ ಲೆಕ್ಕ ಮಾಡಿಸಿ ಬೋಧಿಸುವಂತಾದರೆ ಈ ಬರಹದ ಶ್ರಮ ಸಾರ್ಥಕ. ಲೆಕ್ಕ ಬಲ್ಲ ಪೌರನಿರುವ ಊರಿನ ಪಾಲನ್ನು ಕಸಿಯುವುದು ಅಷ್ಟು ಸುಲಭವಲ್ಲ.